ಎಲ್ಲಿಗವ್ವನ ಕಟ್ಟೆ

ಹೇರಿನಕೊಪ್ಪದಿಂದ ಕಡಲ ಸೀಮೆಗೆ ಇಳಿಯುವ ಹಳೆಯ ಕಾಲುದಾರಿ ಕೆಂಪುಗುಡ್ಡದ ಹೆಗಲಿಗೆ ಬಂದು ಮುಟ್ಟುವಲ್ಲಿ, ಒಂದು ಅತ್ತಿಮರದ ಬುಡಕ್ಕೆ ಕಲ್ಲುಕಟ್ಟೆಯೊಂದಿದೆ. ಕಟ್ಟಿದವರು ಕಲ್ಲುಕೆಲಸದ ಒಡ್ಡರಲ್ಲ ಎಂಬುದು ನೋಡಿದೊಡನೆ ತಿಳಿಯುತ್ತದೆ. ಒಂದು ಕಲ್ಲು ಮುಷ್ಟಿಗಾತ್ರ, ಇನ್ನೊಂದು ತಲೆಗಾತ್ರ, ಹೇಗೆ ಕೈಗೆ ಬಂತೋ ಹಾಗೆ ಒಟ್ಟಿದ್ದು. ಅದರ ಮೇಲೆ ಎರಡು ಉದ್ದನೆಯ ಕಲ್ಲುಗಳು ಒಂದಕ್ಕೊಂದು ಬೆನ್ನು ಕೊಟ್ಟು ಕೂತಿವೆ. ಒಂದರ ಮುಖ ದಾರಿಯ ಕಡೆಗೆ, ಇನ್ನೊಂದರ ಮುಖ ಗುಡ್ಡದ ಕಡೆಗೆ. ಅತ್ತಿಯ ಕೊಂಬೆಗೆ ಎತ್ತಿನ ಕೊರಳಿನ ಹಿತ್ತಾಳೆ ಗಂಟೆಯೊಂದು ತೂಗಿದೆ. ಅದಕ್ಕೆ ನಾಲಗೆಯಿಲ್ಲ, ಹೊಟ್ಟೆಯ ತುಂಬ ಒಣಹುಲ್ಲು. ಪಕ್ಕದಲ್ಲಿ ಬೆರಳುಗಾತ್ರದ ಝರಿ. ಮುಂದೆ ನೋಡಿದರೆ ಗುಡ್ಡದ ಮೈ ತೊಗಲು ಸುಲಿದಂತೆ ನೆತ್ತಿಯಿಂದ ಬುಡದವರೆಗೆ ಕೆಂಪಗೆ ಬಿದ್ದಿದೆ, ಕಾಲುದಾರಿ ಆ ಗಾಯದ ನಡುವೆಯೇ ಅಡ್ಡಲಾಗಿ ಹಾದು ಆಚೆಯ ಕಾಡಿಗೆ ಸೇರುತ್ತದೆ. ಈಚೆಗೆ ಯಾರೋ ಪುಣ್ಯಾತ್ಮರು ದಾರಿಗೆ ಕಮಾನು ಕಟ್ಟಿಸಿ, ಅದರ ಮೇಲೆ ದಪ್ಪಕ್ಷರದಲ್ಲಿ ಎಲ್ಲಮ್ಮದೇವಿ ಎಂದು ಬರೆಸಿದ್ದಾರೆ. ಅದನ್ನು ಓದಿದವರು ಭಂಡಾರ ಚೆಲ್ಲುತ್ತಾರೆ, ಕೈಮುಗಿಯುತ್ತಾರೆ, ಆಮೇಲೆ ಕೆಂಪು ಜಾರಿನ ನಟ್ಟನಡುವೆ ಕೈ ಕೈ ಹಿಡಿದು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವರನ್ನು ಕಂಡರೆ ದಾರಿ ನೋಡುವ ಕಲ್ಲಿಗೂ ಸಿಟ್ಟು ಬಂದೀತು. ಬಂದರೆ ತಪ್ಪಿಲ್ಲ, ಆ ಕಲ್ಲು ಅಲ್ಲಿ ಕೂತದ್ದೇ ಸಿಟ್ಟಿನಿಂದ. ಅವಳು ಎಲ್ಲಮ್ಮನಲ್ಲ. ಎಲ್ಲಮ್ಮ ದೊಡ್ಡವಳು, ಅವಳಿಗೆ ಅವಳ ಗುಡ್ಡ ಬೇರೆಯೇ ಇದೆ. ಇವಳು ಎಲ್ಲಿಗವ್ವ.

ಹಿಂದೆ ಒಮ್ಮೆ, ಈ ಸೀಮೆಗೆ ಗಾಡಿಯ ದಾರಿ ಬರುವ ಮುಂಚೆ, ಉಪ್ಪೆಂಬುದು ಕಡಲಿನಿಂದ ಎತ್ತಿನ ಬೆನ್ನ ಮೇಲೇ ಬರಬೇಕಿತ್ತು. ಹೇರಿನಕೊಪ್ಪದ ಗಂಡಸರಿಗೆಲ್ಲ ಅದೇ ಕಸುಬು. ಇಲ್ಲಿಂದ ಜೋಳ, ಮೆಣಸಿನಕಾಯಿ ಹೇರಿಕೊಂಡು ಇಳಿಯುವುದು, ಅಲ್ಲಿಂದ ಉಪ್ಪು ಹೇರಿಕೊಂಡು ಹತ್ತುವುದು. ಮಳೆಗಾಲದಲ್ಲಿ ದಾರಿ ಮುಚ್ಚುತ್ತಿತ್ತು. ಮಳೆ ನಿಂತು ಆಕಾಶ ಹೊಳವಾಗುವ ಹೊತ್ತಿಗೆ ಮನೆಮನೆಯ ಉಪ್ಪಿನ ಮಡಕೆ ಬೋರಲು ಬಿದ್ದಿರುತ್ತಿತ್ತು, ಎಲ್ಲರ ನಾಲಗೆಯೂ ಚಪ್ಪೆಯಾಗಿರುತ್ತಿತ್ತು. ಹಾಗಾಗಿ ಬನ್ನಿ ಹಬ್ಬದ ಮರುದಿನ ಮೊದಲ ಹೇರು ಹೊರಡುವುದೆಂದರೆ ಊರಿಗೆ ಇನ್ನೊಂದು ಹಬ್ಬ. ಎತ್ತುಗಳ ಕೊರಳಿಗೆ ಗಂಟೆ, ಕೋಡಿನ ತುದಿಗೆ ಹಿತ್ತಾಳೆಯ ಕೊಣಸು. ಒಂದರ ಹಿಂದೆ ಒಂದನ್ನು ಹಗ್ಗದಲ್ಲಿ ಪೋಣಿಸಿ ಸಾಲು ಕಟ್ಟುವರು, ಆ ಸಾಲು ಕಡಲು ಮುಟ್ಟುವವರೆಗೆ ಕಡಿಯಬಾರದೆಂಬ ನೇಮ. ಮತ್ತೊಂದು ನೇಮ ಇಂದಿಗೂ ನಮ್ಮ ಮನೆಗಳಲ್ಲಿ ಇರುವಂಥದ್ದೇ: ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಟ್ಟಂತೆ. ಕೇಳಿಸಿಕೊಂಡವನು ಅಲ್ಲೇ ಕೂತು, ಒಂದು ಗುಟುಕು ನೀರು ಕುಡಿದು, ಹೊಸದಾಗಿ ಹೊರಡಬೇಕು.

ಹೇರಿನವರ ಮುಂದಾಳು ಕರಿಸಿದ್ದ. ಅವನ ಹೆಂಡತಿ ಬಾಳವ್ವ, ಮದುವೆಯಾಗಿ ಬಂದು ಇನ್ನೂ ಅತ್ತೆಯ ಎದುರು ತಲೆಯೆತ್ತಿ ಮಾತಾಡದವಳು. ಅತ್ತೆ ಜಕ್ಕವ್ವ ಬಾಯಿಯ ಬಗ್ಗೆ ಬಲು ಬಿಗಿ. ಆಕೆಯ ಮನೆಯಲ್ಲಿ ದೀಪ ಆರಿತು ಎನ್ನುವಂತಿರಲಿಲ್ಲ, ದೊಡ್ಡದಾಯಿತು ಎನ್ನಬೇಕು. ಅಕ್ಕಿ ತೀರಿತು ಎನ್ನುವಂತಿರಲಿಲ್ಲ, ಹೆಚ್ಚಾಯಿತು ಎನ್ನಬೇಕು. ಆ ವರ್ಷ ಮೊದಲ ಹೇರು ಹೊರಡುವ ದಿನ ಬಾಳವ್ವ ನಸುಕಿನಲ್ಲಿ ಗುಡ್ಡದ ಹೆಗಲಿನ ಝರಿಗೆ ಹೋಗಿ ಕೊಡ ತುಂಬಿದಳು. ಮೋಡದ ಚೂರೂ ಇಲ್ಲದ ಆಕಾಶ, ಮಳೆ ನಿಂತು ವಾರವೇ ಆಗಿತ್ತು. ಆದರೂ ಝರಿಯ ನೀರು ಕೆಂಪಗೆ ಕದಡಿ ಬರುತ್ತಿತ್ತು. ಮಳೆ ಸುರಿಯುವಾಗ ಹಳ್ಳ ಕೆಂಪಾಗುವುದನ್ನು ಎಲ್ಲರೂ ಬಲ್ಲರು. ಬಿಸಿಲಲ್ಲಿ ಕೆಂಪು ಬಂದರೆ ಏನರ್ಥವೋ ಅವಳಿಗೆ ತಿಳಿಯದು. ಗಂಡನಿಗೆ ಹೇಳಿದರೆ ಅವನಿಗೆ ತಿಳಿದೀತು ಎಂದುಕೊಂಡು ಅವಸರವಾಗಿ ಮನೆಗೆ ಬಂದಳು. ಅಷ್ಟರಲ್ಲಿ ಕರಿಸಿದ್ದ ಹೊಸ್ತಿಲು ದಾಟಿ ಆಗಿತ್ತು. ದುಡುಕಿನಲ್ಲಿ ಅವಳ ಬಾಯಿಂದ "ಎಲ್ಲಿ" ಎಂದು ಬಂತು, "ಗೆ" ಬರುವಷ್ಟರಲ್ಲಿ ಜಕ್ಕವ್ವನ ಅಂಗೈ ಅವಳ ಬಾಯಿಯ ಮೇಲಿತ್ತು. ಸೊಸೆಯ ಹಲ್ಲು ತುಟಿಗೆ ಒತ್ತಿ ನೆತ್ತರು ಬರುವಷ್ಟು ಬಿಗಿಯಾಗಿ ಹಿಡಿದಳು, ಸಾಲಿನ ಕೊನೆಯ ಗಂಟೆಯ ಸದ್ದು ಕೇಳಿಸದಾಗುವವರೆಗೂ ಬಿಡಲಿಲ್ಲ ಎನ್ನುತ್ತಾರೆ.

ಬಿಸಿಲೇರುತ್ತಿದ್ದಂತೆ ಗುಡ್ಡ ಜರಿಯಿತು. ಮಳೆಗಾಲವಿಡೀ ಕುಡಿದ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮೇಲೆ ಮಾತ್ರ ಒಣಗಿದಂತೆ ನಟಿಸುತ್ತಿದ್ದ ಗುಡ್ಡ, ಸಾಲು ಸರಿಯಾಗಿ ನಡುವಿಗೆ ಬಂದಾಗ ಮರಗಳ ಸಮೇತ ಕೆಳಗಿಳಿಯಿತು. ಒಂದೆತ್ತು ಹೋದರೆ ಒಂದೇ ಹೋಗುತ್ತಿತ್ತೋ ಏನೋ. ಒಂದೇ ಹಗ್ಗದ ಸಾಲಾದ್ದರಿಂದ ಒಂದು ಇನ್ನೊಂದನ್ನು ಎಳೆಯಿತು, ಎತ್ತುಗಳು ಆಳುಗಳನ್ನು ಎಳೆದವು. ಕರಿಸಿದ್ದನೂ ಅವನ ಜೊತೆಯವರೂ ಮಣ್ಣಾದರು. ಹಿಂದೆ ಉಳಿದಿದ್ದ ಅವನ ತಮ್ಮ ಭರಮಣ್ಣ ಒಬ್ಬನೇ ಬರಿಗೈಯಲ್ಲಿ ಊರಿಗೆ ಬಂದ.

ಊರು ಅತ್ತು ಮುಗಿಸಿದ ಮೇಲೆ ಯಾರ ತಪ್ಪು ಎಂದು ಹುಡುಕತೊಡಗಿತು. ದೇವಿ ಮುನಿದಳೆಂದು ಕೋಳಿ ಕೊಯ್ದರು. ಕೋಳಿಯ ಸಾರಿನಲ್ಲಿ ಉಪ್ಪಿರಲಿಲ್ಲ, ಸಿಟ್ಟು ಇನ್ನೂ ಹೆಚ್ಚಾಯಿತು. ಆಗ ಪಕ್ಕದ ಮನೆಯ ಹೆಂಗಸೊಬ್ಬಳು, ಹೊರಡುವಾಗ ಬಾಳವ್ವ ಏನೋ ಅಂದದ್ದು ಕೇಳಿಸಿತೆಂದಳು. ಅರ್ಧ ಮಾತು ಅಂದಳಂತೆ. ಆ ಅರ್ಧ ಮಾತೇ ಕರಿಸಿದ್ದನನ್ನು ತಿಂದಿತು ಎಂದು ಹೊತ್ತು ಮುಳುಗುವಷ್ಟರಲ್ಲಿ ಊರಿಗೆ ಊರೇ ತೀರ್ಮಾನಿಸಿತು. ಬಾಳವ್ವ ಅತ್ತೆಯ ಮುಖ ನೋಡಿದಳು. ಬೆಳಗಿನ ಕೊಡವನ್ನು ತೊಳೆದು ಬೋರಲು ಹಾಕಿದ್ದ ಜಕ್ಕವ್ವ ನೆಲ ನೋಡುತ್ತ ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ಅದುವರೆಗೆ ಬಾಳವ್ವನ ಎದೆಯಲ್ಲಿ ದುಃಖವಿತ್ತು. ಆ ಗಳಿಗೆಯಲ್ಲಿ ಅದು ಹೊತ್ತಿಕೊಂಡಿತು. ಆಡಿದ ಅರ್ಧ ಮಾತು ಕೊಂದಿತಂತೆ, ಆಡಗೊಡದ ಮಿಕ್ಕ ಮಾತಿನ ಲೆಕ್ಕ ಯಾರಿಗೂ ಬೇಡವಂತೆ. ಅವಳು ಎದ್ದು ನಿಂತು ಎಲ್ಲರೆದುರು ಹೇಳಿದಳು: "ಅರ್ಧ ಮಾತಿಗೆ ಸತ್ತರು ಅಂತೀರಿ. ಆಗಲಿ. ಇನ್ನ ಮ್ಯಾಲೆ ನಿಮಗೆಲ್ಲಾ ಇಡೀ ಮಾತ ಕೊಡ್ತೀನಿ."

ಬೋರಲು ಹಾಕಿದ್ದ ಆ ಖಾಲಿ ಕೊಡವನ್ನೇ ಕಂಕುಳಲ್ಲಿಟ್ಟು ಅವಳು ಗುಡ್ಡದ ಹೆಗಲಿಗೆ ಬಂದು ಅತ್ತಿಮರದ ಕೆಳಗೆ ಗುಡಿಸಲು ಹಾಕಿದಳು. ಮೊದಮೊದಲು ಅವಳ ಸಿಟ್ಟೆಲ್ಲ ಗುಡ್ಡದ ಮೇಲೆ. ಬೆಳಗಾದರೆ ಎದುರು ಕೂತು ಬೈಯುವುದು, ಕಲ್ಲು ಬೀಸುವುದು. ನನ್ನ ಗಂಡನ್ನ ನುಂಗಿ ಹಸಿರು ಉಟ್ಟುಕೊಂಡು ನಿಂತೀಯಲ್ಲ ಎಂದು ಕೂಗುವುದು. ಆದರೆ ಒಬ್ಬರನ್ನು ದಿನಾ ದುರುಗುಟ್ಟಿ ನೋಡುತ್ತಿದ್ದರೆ ಅವರ ನಡತೆ ತಾನಾಗಿ ತಿಳಿಯುತ್ತದೆ. ಅವಳಿಗೂ ಹಾಗೇ ಆಯಿತು. ಸುರಿಯುವ ಮಳೆಯಲ್ಲಿ ಗುಡ್ಡ ಸುಮ್ಮನಿರುತ್ತದೆ, ಮಳೆ ನಿಂತು ಬಿಸಿಲೇರಿದ ಮೇಲೆ ಜರಿಯುತ್ತದೆ. ಜರಿಯುವ ಮುಂಚೆ ನೆತ್ತಿಯ ಹುಲ್ಲಿನಲ್ಲಿ ಅಡ್ಡ ಬಿರುಕು ಕಾಣುತ್ತದೆ. ನೆಟ್ಟಗಿದ್ದ ಮರ ಕುಡಿದವರಂತೆ ಕೆಳಕ್ಕೆ ವಾಲುತ್ತದೆ. ಎಲ್ಲಕ್ಕಿಂತ ಮೊದಲು, ಒಳಗೊಳಗೇ ಮಣ್ಣು ಕರಗಿ ಝರಿ ಕೆಂಪಾಗುತ್ತದೆ. ಗುಡ್ಡ ಮುಚ್ಚುಮರೆ ಮಾಡಿರಲೇ ಇಲ್ಲ. ಅದು ಹೇಳಿತ್ತು, ತಾನು ಕೇಳಿಸಿಕೊಂಡಿದ್ದಳು, ಮಾತು ನಡುವೆ ಒಂದು ಅಂಗೈಗೆ ಸಿಕ್ಕಿ ಸತ್ತಿತು. ಅಲ್ಲಿಂದ ಅವಳು ಗುಡ್ಡವನ್ನು ಬೈಯುವುದು ಬಿಟ್ಟಳು, ಮನುಷ್ಯರಿಗೆ ಶುರು ಮಾಡಿದಳು.

ಅಪಶಕುನವೆಂದು ಊರು ಏನೇನನ್ನು ಹೆಸರಿಸಿತ್ತೋ ಅಷ್ಟೂ ಅವಳೊಬ್ಬಳಲ್ಲೇ ಇತ್ತು. ಬರಿಯ ಹಣೆ, ಬರಿದಾದ ಕೊಡ, ಬಾಯಲ್ಲಿ ಆ ಮಾತು. ಹೇರಿನವರು ತಿರುವಿಗೆ ಬರುವುದನ್ನೇ ಕಾದು ದಾರಿಗೆ ಅಡ್ಡ ನಿಂತು ಕೇಳುತ್ತಿದ್ದಳು: "ಎಲ್ಲಿಗೆ?" ಕೇಳಿಸಿಕೊಂಡವರು ಹಲ್ಲು ಕಡಿದು ಅಲ್ಲೇ ಕೂರಬೇಕು. ಕೂತ ಮೇಲೆ ಒಂದು ಗುಟುಕು ನೀರು ಕುಡಿಯಬೇಕು. ನೀರಿಗೆ ಝರಿಯನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅದೇ. ನೀರು ತಿಳಿಯಿದ್ದರೆ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದಳು. ಸರಿದ ಮೇಲೂ ಸುಮ್ಮನಿರುವ ಪೈಕಿಯಲ್ಲ. ಸಾಲಿನ ಹಗ್ಗ ಬಿಚ್ಚಿಸುವಳು, ಒಂದೆತ್ತು ಆಚೆಯ ಮರ ಮುಟ್ಟುವವರೆಗೆ ಇನ್ನೊಂದು ಹೆಜ್ಜೆಯಿಡಗೊಡಳು, ಬಿಸಿಲೇರಿದ ಮೇಲೆ ಬಂದವರನ್ನು ಬೆಳಗಿನ ತಂಪಿಗೆ ಬನ್ನಿರೆಂದು ಹಿಂದಕ್ಕೆ ಅಟ್ಟುವಳು, ಗುಡ್ಡದ ಸಣ್ಣ ಸದ್ದೂ ಕೇಳಿಸಲೆಂದು ಗಂಟೆಗಳಿಗೆ ಹುಲ್ಲು ತುರುಕಿಸುವಳು. ಜಾರಿನ ನಡುವೆ ಬೀಡಿ ಹಚ್ಚಲು ನಿಂತ ಒಬ್ಬನನ್ನು ದಂಡೆಯಿಂದಲೇ ಕೇಳಿದಳಂತೆ: "ಹೆಂಡತಿಗೆ ಉಪ್ಪು ತರಾಂವೋ, ನಿನ್ನ ಸುದ್ದಿ ಕಳಸಾಂವೋ?" ನೀರು ಕೆಂಪಗಿದ್ದ ದಿನವಂತೂ ಅವಳ ಬಾಯಿಗೆ ಅಳತೆಯಿರಲಿಲ್ಲ. ಗುಡ್ಡ ಜರಿಯುವ ಮುಂಚೆ ಅವಳು ಜರಿಯುತ್ತಿದ್ದಳು ಎಂದು ಹಿರಿಯರು ನಗುತ್ತ ಹೇಳುವುದುಂಟು. ಆಗ ನಗು ಯಾರಿಗೂ ಬರುತ್ತಿರಲಿಲ್ಲ. ದೂರದಿಂದಲೇ ಅವಳತ್ತ ಕಲ್ಲು ತೂರುತ್ತಿದ್ದರು. ಬಿದ್ದ ಕಲ್ಲನ್ನು ಅವಳು ಎತ್ತಿಟ್ಟು ಮರದ ಬುಡಕ್ಕೆ ಒಟ್ಟುತ್ತ ಹೋದಳು. ನಿಂತು ನಿಂತು ಕಾಲು ನೋಯುತ್ತದೆ, ಕೂರಲು ನೀವೇ ಕಟ್ಟೆ ಕಟ್ಟಿಕೊಡುತ್ತಿದ್ದೀರಿ ಎಂದಳು. ಅವಳನ್ನು ಎಬ್ಬಿಸಲೆಂದು ಊರಗೌಡನೇ ಒಮ್ಮೆ ತಲೆಗೆ ಪಟಗ ಸುತ್ತಿಕೊಂಡು ಬಂದ. "ಎಲ್ಲಿಗೆ ಗೌಡ್ರ?" ಎಂದಳು. ಗೌಡ ಆ ಕಟ್ಟೆಯ ಮೇಲೇ ಕೂತು, ನೀರು ಕುಡಿದು, ಬಂದ ಕೆಲಸ ಕೆಟ್ಟಿತೆಂದು ಮನೆಗೆ ಹೋದ.

ಹೀಗೆ ಕೆಲವು ವರ್ಷ ನಡೆಯಿತು. ಆ ನಡುವೆ ಗುಡ್ಡ ಎರಡೋ ಮೂರೋ ಸಲ ಬರಿದಾದ ದಾರಿಯ ಮೇಲೆ ಜರಿಯಿತು, ಯಾರೂ ಸಾಯಲಿಲ್ಲ. ಸತ್ತರೆ ಊರಿಗೆ ನೆನಪಿರುತ್ತದೆ, ಸಾಯದೇ ಉಳಿದದ್ದು ಯಾರ ನೆನಪಿನಲ್ಲೂ ಇರುವುದಿಲ್ಲ. ಅವರಿಗೆ ನೆನಪಿದ್ದದ್ದು ಅವಳಿಂದ ತಡವಾದ ದಿನಗಳು ಮಾತ್ರ. ಒಂದು ವರ್ಷ ಮಳೆ ಹಿಡಿದದ್ದು ಬನ್ನಿಯ ಹಿಂದಿನ ವಾರದವರೆಗೂ ಬಿಡಲಿಲ್ಲ. ಹಸು ಗೋಡೆ ನೆಕ್ಕತೊಡಗಿತ್ತು, ಬಾಣಂತಿಯರಿಗೂ ಉಪ್ಪಿರಲಿಲ್ಲ. ಈಗ ಮುಂದಾಳಾಗಿದ್ದ ಭರಮಣ್ಣ ಬನ್ನಿಯ ಮರುದಿನ ಹೊರಟೇ ಹೊರಡುವುದೆಂದು ನಿಶ್ಚಯಿಸಿದ. ಈ ಸಲ ಶಕುನ ಕೆಡಬಾರದೆಂದು ತಾಯಿ ಜಕ್ಕವ್ವನನ್ನೂ ಕಟ್ಟೆಯವರೆಗೆ ಕರೆದುಕೊಂಡು ಬಂದ. ಆಕೆ ಝರಿಯಲ್ಲಿ ಹಿತ್ತಾಳೆಯ ಕೊಡ ತುಂಬಿಕೊಂಡು ಎದುರು ನಿಲ್ಲಬೇಕು, ತುಂಬಿದ ಕೊಡ ನೋಡಿ ಸಾಲು ಹೆಜ್ಜೆಯಿಡಬೇಕು. ಹಗ್ಗ ಬಿಗಿದ ಸಾಲು, ಎಲ್ಲದರ ಮುಂದೆ ಭರಮಣ್ಣ ಕರುವಿನಿಂದ ಸಾಕಿದ ಮಾಸನೆಂಬ ಎತ್ತು.

ಬಾಳವ್ವ ಆ ನಸುಕಿನಲ್ಲಿ ಝರಿ ನೋಡಿದ್ದಳು. ಗಂಡ ಸತ್ತ ದಿನದ ಕೆಂಪು ಇದರ ಮುಂದೆ ಏನೂ ಅಲ್ಲ. ನೆತ್ತಿಯ ಬಿರುಕಿನಲ್ಲಿ ಆಳು ಇಳಿಯಬಹುದಿತ್ತು. ಅವಳು ದಾರಿಗೆ ಓಡಿ ಬಂದು ಬಾಯಿ ತೆರೆಯುವಷ್ಟರಲ್ಲಿ, ಮುಂದಾಗಿ ಬಂದು ಮರದ ಮರೆಯಲ್ಲಿ ಕಾದಿದ್ದ ಭರಮಣ್ಣ ತನ್ನ ರುಮಾಲು ಬಿಚ್ಚಿ ಅವಳ ಬಾಯಿಗೆ ಸುತ್ತಿ ಕಟ್ಟಿದ. ಕೈಗಳನ್ನು ಹಿಂದಕ್ಕೆ ತಂದು ಅತ್ತಿಮರಕ್ಕೆ ಬಿಗಿದ. ಅವನ ಕಣ್ಣಲ್ಲಿ ನೀರಿತ್ತು ಎನ್ನುತ್ತಾರೆ. "ಅತ್ತಿಗಿ, ಅಣ್ಣನ್ನ ಅರ್ಧ ಮಾತಿನಾಗ ತಿಂದಿ. ನನ್ನ ಇಡೀ ಮಾತಿನಾಗ ತಿನ್ನಬ್ಯಾಡ" ಎಂದ.

ಬಾಳವ್ವ ಒದೆದಳು, ಒದ್ದಾಡಿದಳು, ಬಟ್ಟೆಯನ್ನು ಹಲ್ಲಿನಿಂದ ಕಡಿದಳು. ಅವಳ ನಾಲಗೆಯ ಮೇಲೆ ಆ ಮಾತು ಕೆಂಡದಂತೆ ಕೂತಿತ್ತು. ಕಣ್ಣೆದುರೇ ಸಾಲು ಬಂದು ನಿಂತಿತು. ಜಕ್ಕವ್ವ ಸೊಸೆಯ ಕಡೆ ನೋಡದೆ ಝರಿಗೆ ಬಾಗಿ ಕೊಡ ಅದ್ದಿದಳು. ಕೆಂಪು ನೀರು ಗುಳುಗುಳು ಎಂದು ತುಂಬಿತು. ಅದನ್ನು ಕಂಡು ಹೇರಿನ ಆಳೊಬ್ಬ, ನೋಡ್ರಪ್ಪಾ, ಗುಡ್ಡವೇ ನಮಗೆ ಆರತಿ ನೀರು ಕದಡಿ ಇಟ್ಟಿದೆ, ಇದಕ್ಕಿಂತ ಶಕುನ ಬೇಕೇ ಎಂದ. ಎಲ್ಲರೂ ಹೌದೆಂದು ನಕ್ಕರು. ಅರಿಸಿನ ಸುಣ್ಣ ಕದಡಿದ ನೀರಿನ ಬಣ್ಣವೇ ಅದು. ನಗದವಳು ಜಕ್ಕವ್ವ ಒಬ್ಬಳೇ. ತುಂಬಿದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಆಕೆ ದಾರಿಯ ನಡುವೆ ಬಂದು ನಿಂತಳು. ಭರಮಣ್ಣ ತಾಯಿಯ ಕಾಲು ಮುಟ್ಟಿ ಎದ್ದ. ಆಕೆ ಮಗನ ಮುಖ ನೋಡಿದಳು, ಸೊಸೆಯ ಬಾಯಿಯ ಬಟ್ಟೆ ನೋಡಿದಳು, ತನ್ನ ಅಂಗೈಯನ್ನೂ ಒಮ್ಮೆ ನೋಡಿಕೊಂಡಳು. ದೀಪ ಆರಿತು ಎಂಬ ಮಾತನ್ನೂ ಜನ್ಮದಲ್ಲಿ ಆಡದ ಮುದುಕಿ, ಇಡೀ ಊರಿಗೆ ಕೇಳುವಂತೆ ಹೇಳಿದಳು:

"ಎಲ್ಲಿಗೋ ಭರಮಾ?"

ಹೆತ್ತವ್ವನೇ ಕೇಳಿದ ಮೇಲೆ ಯಾವ ಮಗ ಹೊರಟಾನು? ಭರಮಣ್ಣ ಕೆಂಡಾಮಂಡಲನಾದ. ನಿನಗೂ ಈ ಹೆಂಗಸಿನ ಗಾಳಿ ಬಡಿಯಿತೇ, ಇದ್ದೊಬ್ಬ ಮಗನನ್ನೂ ಹಾಳು ಮಾಡಲು ಹೊರಟೆಯಾ ಎಂದು ಬಾಯಿಗೆ ಬಂದಂತೆ ಅಂದ. ಜಕ್ಕವ್ವ ಕದಲಲಿಲ್ಲ. ಕೂಡು, ನೀರು ಕುಡಿ ಎಂದಳು. ಕೆಂಪು ನೀರು ಕುಡಿಯುವುದು ಹೇಗೆ? ಹಾಗಾದರೆ ತಿಳಿಯಾಗುವವರೆಗೆ ಕೂಡು ಎಂದಳು. ಎತ್ತುಗಳ ಹೇರು ಇಳಿಸಿದರು. ಹಗ್ಗ ಬಿಚ್ಚಿದರು. ಆಳುಗಳು ಚಪ್ಪೆ ರೊಟ್ಟಿ ಮುರಿಯುತ್ತ ಅತ್ತೆ ಸೊಸೆ ಇಬ್ಬರನ್ನೂ ಒಂದೇ ಬಾಯಲ್ಲಿ ಬೈದರು. ಬಿಸಿಲೇರಿತು, ಏನೂ ಆಗಲಿಲ್ಲ. ಗುಡ್ಡ ಮಲಗಿದ ಎಮ್ಮೆಯಂತೆ ತಣ್ಣಗಿತ್ತು. ಇನ್ನು ನನ್ನಿಂದಾಗದು, ಹೊತ್ತು ಹೋಗುತ್ತಿದೆ ಎಂದು ಭರಮಣ್ಣ ಎದ್ದು ನಿಂತ. ಆಗ ಕಂಡಿತು, ಹಗ್ಗ ಬಿಚ್ಚಿದ್ದ ಮಾಸ ದಾರಿಯ ಅಭ್ಯಾಸದಂತೆ ತಾನೊಂದೇ ಗಂಟೆಯಾಡಿಸುತ್ತ ಜಾರಿನ ನಡುವಿಗೆ ಹೋಗಿಬಿಟ್ಟಿದೆ. ಎತ್ತನ್ನು ಎಲ್ಲಿಗೆ ಎಂದು ಕೇಳುವವರು ಯಾರು? ಭರಮಣ್ಣ ಕೂಗುತ್ತ ಹೆಜ್ಜೆ ಕಿತ್ತ. ಜಕ್ಕವ್ವ ಕೊಡವನ್ನು ಬಿಸುಟು ಅವನ ಅಂಗಿಯ ಚುಂಗು ಹಿಡಿದು ಜಗ್ಗಿದಳು. ಅಷ್ಟರಲ್ಲಿ ನೆತ್ತಿಯ ಮರಗಳು ಒಂದಾಗಿ ತಲೆದೂಗಿದವು, ಆಮೇಲೆ ನಡೆಯತೊಡಗಿದವು. ಸದ್ದು ಬಂದದ್ದು ಕೊನೆಯಲ್ಲಿ. ಧೂಳು ಅಡಗಿದಾಗ ಕಟ್ಟೆಯ ಮುಂದೆ ದಾರಿ ಇರಲಿಲ್ಲ, ಮಾಸನೂ ಇರಲಿಲ್ಲ. ಮನುಷ್ಯರು ಎಷ್ಟು ಜನ ಬಂದಿದ್ದರೋ ಅಷ್ಟೂ ಜನ ಇದ್ದರು.

ಬಾಳವ್ವನ ಕಟ್ಟು ಬಿಚ್ಚಲು ಹೋದವಳು ಜಕ್ಕವ್ವ. ಬಾಯಿಯ ಬಟ್ಟೆ ತೆಗೆದು ಸೊಸೆಯ ತುಟಿಯನ್ನು ತನ್ನ ಸೆರಗಿನಿಂದ ಒರೆಸಿದಳು. ಬಂದವರೆಲ್ಲ ಕೇಳುತ್ತಿದ್ದಂತೆಯೇ ಹೇಳಿದಳು: "ಆವತ್ತೂ ನಿನ್ನ ಕೊಡದಾಗ ಹಿಂಗ ಕೆಂಪಿತ್ತು, ಬಾಳವ್ವ. ತಳದಾಗ ಮಣ್ಣು ಕುಂತಿತ್ತು. ನೀ ಏನು ಹೇಳಾಕ ಬಂದಿದ್ದಿ ಅಂತ ಸಂಜಿಗೆ ತಿಳೀತು. ತೊಳದ ಬೋರಲ ಹಾಕಿ ಸುಮ್ಮನಾದೆ."

ಇಲ್ಲಿ ಸೊಸೆ ಅತ್ತೆಯನ್ನು ತಬ್ಬಿ ಅತ್ತಳು ಎಂದು ಕೆಲವರು ಹೇಳುವುದುಂಟು. ಅದು ಸುಳ್ಳು. ಅಷ್ಟು ವರ್ಷ ಕಲ್ಲೇಟು ತಿಂದವಳ ಸಿಟ್ಟು ಒಂದು ಮಾತಿಗೆ ಇಳಿದುಹೋಗಲು ಅದೇನು ಹಾಲಿನ ಉಕ್ಕೇ? ಬಾಳವ್ವ ಮರಗಟ್ಟಿದ ಕೈಗಳನ್ನು ತಿಕ್ಕಿಕೊಂಡಳು. ಆಮೇಲೆ ಅಂದಳು: "ಗೊತ್ತಿದ್ದೂ ಸುಮ್ಮನಿದ್ದಿ, ಅತ್ತಿ. ಇನ್ನ ಮನಿಗೆ ಹೋಗಬ್ಯಾಡ, ಇಲ್ಲೇ ಕೂಡು. ನಾ ದಾರಿ ನೋಡ್ತೀನಿ. ನೀ ಗುಡ್ಡ ನೋಡು."

ಜಕ್ಕವ್ವ ಕೂತಳು. ಅಂದಿನಿಂದ ಇಬ್ಬರೂ ಆ ಕಟ್ಟೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಒಬ್ಬಳ ಕಣ್ಣು ಝರಿಯ ಮೇಲೆ, ಬಿರುಕಿನ ಮೇಲೆ. ಇನ್ನೊಬ್ಬಳ ಬಾಯಿ ಬರುವವರ ಮೇಲೆ. ತಮ್ಮತಮ್ಮೊಳಗೆ ಕೆಲಸದ ಮಾತು ಬಿಟ್ಟರೆ ಮಾತಿರಲಿಲ್ಲ. ಕೆಂಪು ಎಂದು ಒಬ್ಬಳು ಅಂದರೆ, ಎಲ್ಲಿಗೆ ಎಂದು ಇನ್ನೊಬ್ಬಳು ಅನ್ನುವಳು. ಉಪ್ಪು ಬಂದಾಗ ಭರಮಣ್ಣ ಮೊದಲ ಹಿಡಿಯನ್ನು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದ, ಅದನ್ನೂ ಅವರು ಎರಡು ಪಾಲು ಮಾಡಿಯೇ ಉಣ್ಣುತ್ತಿದ್ದರು. ಮುಂದೊಂದು ಬೇಸಿಗೆಯಲ್ಲಿ ಕೆಳಗಿನ ಹಳ್ಳದಲ್ಲಿ ಮಾಸನ ಗಂಟೆ ಸಿಕ್ಕಿತು. ಮಣ್ಣು ಮೆತ್ತಿ, ನಾಲಗೆ ಕಳಚಿತ್ತು. ಭರಮಣ್ಣ ಅದನ್ನು ತಂದು ಅತ್ತಿಯ ಕೊಂಬೆಗೆ ಕಟ್ಟಿದ. ಅವರಿಬ್ಬರೂ ಹೋದ ಮೇಲೆ ಊರವರು ಅವರ ಜಾಗದಲ್ಲಿ ಎರಡು ಕಲ್ಲು ನೆಟ್ಟರು. ಹತ್ತಿರ ಹತ್ತಿರ ನೆಟ್ಟರು, ಆದರೆ ಮುಖಕ್ಕೆ ಮುಖ ತಿರುಗಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಈಗಲೂ ಹೋದವರು ನೋಡಬಹುದು. ಕುರಿ ಅಟ್ಟಿಕೊಂಡು ಬಂದವನೋ, ಸೌದೆಗೆ ಬಂದವಳೋ, ಯಾರಾದರೊಬ್ಬರು ಕಟ್ಟೆಯ ಮೇಲೆ ಇದ್ದೇ ಇರುತ್ತಾರೆ. ಬೇರೆ ಎಲ್ಲ ಕಡೆ ಆಡಬಾರದ ಮಾತನ್ನು ಅವರು ಅಲ್ಲಿ ಆಡಿಯೇ ಆಡುತ್ತಾರೆ: ಎಲ್ಲಿಗೆ? ಉತ್ತರ ಕೊಡಬೇಕಿಲ್ಲ. ಕೂತು, ಝರಿಯ ನೀರನ್ನು ಬೊಗಸೆಯಲ್ಲಿ ಹಿಡಿದು, ಕುಡಿಯುವ ಮುಂಚೆ ಬೊಗಸೆಯೊಳಗೆ ನೋಡಬೇಕು. ಅಂಗೈಯ ಗೆರೆ ಕಂಡರೆ ಒಬ್ಬೊಬ್ಬರಾಗಿ, ಬಾಯಿ ಮುಚ್ಚಿಕೊಂಡು, ನಡುವೆ ನಿಲ್ಲದೆ ದಾಟಬೇಕು. ಗೆರೆ ಕಾಣದಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಬೇಕು. ಊರಿನ ಹೆಂಗಸರು ಅಲ್ಲಿಗೆ ಹಣ್ಣುಕಾಯಿ ಒಯ್ಯುವುದಿಲ್ಲ, ಒಂದು ಹಿಡಿ ಉಪ್ಪನ್ನು ಎರಡು ಪಾಲು ಮಾಡಿ ಎರಡು ಕಲ್ಲಿನ ಮುಂದೆಯೂ ಇಟ್ಟು ಬರುತ್ತಾರೆ. ಕಮಾನು ನೋಡಿ ಬಂದವರು ಗಂಟೆ ಬಾರಿಸಲು ಕೈಯೆತ್ತಿ, ಹುಲ್ಲು ಕಂಡು, ಇದೆಂಥ ದೇವಸ್ಥಾನ, ಗಂಟೆಗೆ ನಾಲಗೆಯೇ ಇಲ್ಲವಲ್ಲ ಎಂದು ಕೇಳುತ್ತಾರೆ. ಗಂಟೆಗೆ ಇಲ್ಲ, ಅವ್ವನಿಗೆ ಇದೆ, ಮೊದಲು ಕೆಳಗೆ ಕೂತು ನೀರು ನೋಡಿ ಎಂದು ಕಟ್ಟೆಯ ಮೇಲಿದ್ದವರು ಗದರುತ್ತಾರೆ.